ನೀರಿನಡಿ ಜ್ವರಕ್ಕೆ ಕೂತ ಹುಳು

ಸಮುದ್ರವನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯ ಜಗಲಿ ಮೇಲೆ ಕೂತು, ಅದೂ ಒಳಗಡೆಯಿಂದ. ಜನ ದಡದಲ್ಲಿ ನಿಂತು ನೋಡ್ತಾರಂತೆ. ದಡ ಹೇಗಿರುತ್ತೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ತಳ ಹೇಗಿರುತ್ತೆ ಅಂತ ಕೇಳಿ, ಕೂರಿಸಿಕೊಂಡು ಹೇಳ್ತೀನಿ.

ನಮ್ಮದು ಜಂಗಮಕೋಟೆ ಹತ್ತಿರದ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಸೀಮೆ ಹಸು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ಮೊಮ್ಮಗಳು, ಅಂದರೆ ಮಗನ ಮಗಳು, ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಕಂಪ್ಯೂಟರ್ ಓದ್ತಾಳೆ. ಅವಳೂ ಅವಳ ಜೊತೆ ಓದೋ ಇಬ್ಬರೂ ಸೇರಿ ಒಂದು ಆಟ ಮಾಡಿದರು. ಆ ಇಬ್ಬರಲ್ಲಿ ಒಬ್ಬಳು ಗೌರಿಬಿದನೂರಿನ ಹುಡುಗಿ, ಇನ್ನೊಬ್ಬ ಚಿಂತಾಮಣಿಯ ಹುಡುಗ. ಫೋನಿನಲ್ಲೋ ಟ್ಯಾಬಿನಲ್ಲೋ ಆಡೋ ಆಟ. ನೀರೊಳಗೆ ಇಳೀಬೇಕು, ಸುಮ್ಮನೆ ತಿರುಗಾಡಬೇಕು. ಅಷ್ಟೇ. ಹೊಡೆಯೋದಿಲ್ಲ, ಬಡಿಯೋದಿಲ್ಲ, ಓಡೋದಿಲ್ಲ. ಎಡಗಡೆ ಹೆಬ್ಬೆಟ್ಟು ಇಟ್ಟು ತಳ್ಳಿದರೆ ಈಜು, ಬಲಗಡೆ ಒತ್ತಿದರೆ ಎದುರಿಗೆ ಇರೋದನ್ನ ಮುಟ್ಟಬಹುದು. ಮನಸ್ಸಿಗೆ ಸಮಾಧಾನ ಆಗಲಿ ಅಂತ ಮಾಡಿದ ಆಟವಂತೆ.

ಆಡಿದವರಿಗೆ ಏನನ್ನಿಸುತ್ತೆ ಅಂತ ಅವಳಿಗೆ ತಿಳೀಬೇಕಿತ್ತು. ಅದಕ್ಕೆ ಒಂದು ವಾರ ಮನೆಗೆ ಬಂದವರನ್ನೆಲ್ಲ ಹಿಡಿದು ಕೂರಿಸಿ, ಟ್ಯಾಬು ಕೈಗೆ ಕೊಟ್ಟು, ತಾನು ಎದುರಿಗೆ ನೋಟ್ ಬುಕ್ಕು ಪೆನ್ಸಿಲ್ಲು ಹಿಡಿದು ಕೂತಳು.

"ನಾನು ಏನೂ ಹೇಳಿಕೊಡಲ್ಲ. ನೀವು ಏನು ಮಾಡ್ತೀರೋ, ಏನಂತೀರೋ ಬರ್ಕೋತೀನಿ, ಅಷ್ಟೇ" ಅಂದಳು.

ಮೊದಲು ಕೂತವರು ನಮ್ಮ ಯಜಮಾನರು. ಕನ್ನಡಕ ಸರಿಮಾಡಿಕೊಂಡು, "ಎಲ್ಲಮ್ಮಾ ಗೆಲ್ಲೋದು?" ಅಂದರು.

"ಗೆಲ್ಲೋದಿಲ್ಲ ತಾತ."

"ಸೋಲೋದು?"

"ಸೋಲೋದೂ ಇಲ್ಲ."

"ಮತ್ತೆ ಇದೇನ್ ಆಟ, ನಮ್ಮ ಸೊಸೈಟಿ ಮೀಟಿಂಗ್ ಇದ್ದಂಗಿದೆ!" ಅಂದವರೇ, ಮೀನು ನೋಡಲಿಲ್ಲ, ಗಿಡ ನೋಡಲಿಲ್ಲ, ಹೆಬ್ಬೆಟ್ಟು ಕೆಳಕ್ಕೆ ಒತ್ತಿ ನೆಟ್ಟಗೆ ತಳಕ್ಕೆ ಹೋದರು. ತಳ ಸಿಕ್ಕಿದ ತಕ್ಷಣ, "ಬಂಡೆ ಬಂತು. ಇಲ್ಲಿಗೆ ನಿಲ್ಲಿಸಬಹುದು" ಅಂತ ಟ್ಯಾಬು ವಾಪಸ್ ಕೊಟ್ಟರು. ಜೀವನ ಪೂರ್ತಿ ಬೋರ್‌ವೆಲ್ ಲಾರಿ ಪಕ್ಕ ನಿಂತು ನೋಡಿದ ಮನುಷ್ಯ, ನೀರೊಳಗೆ ಬಿಟ್ಟರೂ ಬೋರೇ ಕೊರೆದರು! ಎದ್ದು ಹೋಗೋವಾಗ ತೆಲುಗಿನಲ್ಲಿ ಒಂದು ಮಾತು ಹೇಳಿದರು: "ಇನ್ನಿ ನೀಳ್ಳು! ಒಕ್ಕ ಪಂಪ್‌ಸೆಟ್ಟೂ ಲೇದು!" ಇಷ್ಟೊಂದು ನೀರಿದೆ, ಒಂದು ಪಂಪ್‌ಸೆಟ್ಟೂ ಇಲ್ಲವಲ್ಲ ಅಂತ ಅವರ ಹೊಟ್ಟೆ ಉರಿ. ಮೊಮ್ಮಗಳು ಅದನ್ನೂ ಬರೆದುಕೊಂಡಳು.

ಆಮೇಲೆ ನನ್ನ ಸೊಸೆ. ಅವಳು ತಳದಲ್ಲಿ ಬಿದ್ದಿದ್ದ ಕಪ್ಪೆಚಿಪ್ಪುಗಳನ್ನೆಲ್ಲ ಆರಿಸಿ ಒಂದು ಕಡೆ ಗುಡ್ಡೆ ಹಾಕಿದಳು. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ. ಅರ್ಧ ಗಂಟೆ ಆದಮೇಲೆ ತಲೆ ಎತ್ತಿ, "ಅಲ್ಲೂ ನನಗೆ ಕೆಲಸಾನೇ ಸಿಕ್ತು ನೋಡಿ ಅತ್ತೆ" ಅಂದಳು. ಆದರೆ ಟ್ಯಾಬು ಕೊಡೋಕೆ ಮನಸ್ಸಿರಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚೋ ಕಸುಬಿನ ಸಾಬರೊಬ್ಬರು ನಮ್ಮ ಮನೆಗೆ ಹಳೇ ಪರಿಚಯ. ಮಗಳ ಮದುವೆಗೆ ಕರೆಯೋಕೆ ಬಂದವರನ್ನೂ ನಮ್ಮ ಹುಡುಗಿ ಬಿಡಲಿಲ್ಲ. ಪಾಪ, ಅವರು ನೀರೊಳಗೆ ಇಳಿದರು, ಮುಖ ಕೆಂಪಗಾಗ್ತಾ ಬಂತು, ಕಣ್ಣು ಊದಿಕೊಂಡವು. ನಮಗೆಲ್ಲ ಗಾಬರಿ. ಕೊನೆಗೆ ತಡೀಲಾರದೆ ನನ್ನ ಕಡೆ ತಿರುಗಿ, "ಅಕ್ಕಾ, ಉಸಿರು ಬಿಡಬಹುದಾ?" ಅಂದರು. ಅಷ್ಟು ಹೊತ್ತೂ ಉಸಿರು ಹಿಡಕೊಂಡಿದ್ದರು! ಮನೆಯೆಲ್ಲ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಅವರೂ ನಕ್ಕರು.

ನಾನು ಆಟ ನೋಡಿದ್ದಕ್ಕಿಂತ ಆಡೋರ ಮುಖ ನೋಡಿದ್ದೇ ಹೆಚ್ಚು. ಒಂದೇ ನೀರು, ಆದರೆ ಇಳಿದವರು ಒಬ್ಬೊಬ್ಬರೂ ಒಂದೊಂದು ಥರ. ಇದೇನಪ್ಪಾ ವಿಚಿತ್ರ ಅಂತ ಅಡುಗೆ ಮಾಡ್ತಾ ಮಾಡ್ತಾ ಯೋಚನೆ ಮಾಡ್ತಿದ್ದೆ.

ಆದರೆ ಎಲ್ಲರನ್ನೂ ನಗಿಸಿದ ಹುಡುಗಿ ತಾನು ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾಗ್ತಾ ಬಂದಳು. ಶನಿವಾರ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮಾತಾಡ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಾಳೆ ಸಾಯಂಕಾಲದವರೆಗೂ ಟೈಮ್ ಕೊಡೇ. ಒಬ್ಬರು, ಒಬ್ಬರೇ ಒಬ್ಬರು ನೋಡಿದ್ರೆ ಸಾಕು" ಅಂತಿದ್ದಳು.

ಫೋನ್ ಇಟ್ಟಮೇಲೆ ಹಿಡಿದು ಕೇಳಿದೆ. "ಏನ್ ಮಗಾ ಅದು?"

ಆಗ ಹೇಳಿದಳು. ಆ ನೀರಿನಲ್ಲಿ ಒಂದು ಪ್ರಾಣಿ ಇದೆ. ಅದನ್ನ ಅವಳೊಬ್ಬಳೇ ಕೂತು, ಏಳೆಂಟು ತಿಂಗಳು ಬರೆದು, ಅಳಿಸಿ, ಮತ್ತೆ ಬರೆದು ಮಾಡಿದ್ದು. ಅದು ಸುಮ್ಮಸುಮ್ಮನೆ ಕಾಣಿಸಿಕೊಳ್ಳಲ್ಲ. ಇಲ್ಲಿವರೆಗೂ ಆಡಿದವರಲ್ಲಿ ಒಬ್ಬರಿಗೂ ಕಂಡಿಲ್ಲ. ಅದು ಇರೋದರಿಂದ ಆಟ ಭಾರ ಆಗುತ್ತಂತೆ, ಫೋನು ಬಿಸಿಯಾಗುತ್ತಂತೆ. ಯಾರೂ ನೋಡದೇ ಇರೋದಕ್ಕೆ ಜಾಗ ಯಾಕೆ, ತೆಗೆದುಬಿಡೋಣ ಅಂತ ಗೌರಿಬಿದನೂರಿನ ಹುಡುಗಿ. ಚಿಂತಾಮಣಿ ಹುಡುಗನೂ ಅವಳ ಕಡೆಗೇ ವಾಲಿದಾನೆ. ಭಾನುವಾರ ಸಾಯಂಕಾಲದ ಒಳಗೆ ಯಾರೂ ತಾವಾಗೇ ನೋಡದಿದ್ದರೆ ಅದನ್ನ ತೆಗೆಯೋದು ಅಂತ ಮೂವರೂ ಮಾತಾಡಿಕೊಂಡಿದಾರೆ.

"ಎಲ್ಲಿದೆ ಹೇಳು, ನಾನೇ ನೋಡ್ತೀನಿ!" ಅಂದೆ.

"ಹೇಳಿದ್ರೆ ಮೋಸ ಆಗುತ್ತೆ ಅಜ್ಜಿ. ಆಮೇಲೆ ನಾನೇ ಅದನ್ನ ತೆಗೀಬೇಕಾಗುತ್ತೆ."

ಎಂಥಾ ನಿಯತ್ತು ನೋಡಿ! ನನಗೆ ಖುಷಿ, ಸಂಕಟ ಎರಡೂ ಒಟ್ಟಿಗೆ. ಆ ಸಾಯಂಕಾಲವೇ ಟ್ಯಾಬು ಇಸಕೊಂಡು ಹುಡುಕಾಡಿದೆ. ಗವಿ ಗವಿಗೂ ನುಗ್ಗಿದೆ, ಗಿಡಗಳ ಹಿಂದೆ ಇಣುಕಿದೆ, ಸಿಕ್ಕಸಿಕ್ಕ ಮೀನನ್ನೆಲ್ಲ ಅಟ್ಟಿಸಿಕೊಂಡು ಹೋದೆ. ಏನೂ ಇಲ್ಲ. ಅವಳು ಪೆನ್ಸಿಲ್ಲು ಕಚ್ಚಿಕೊಂಡು ನೋಡ್ತಾ ಕೂತಿದ್ದಳು.

ಭಾನುವಾರ ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಹುಳು ಸಾಕದವರಿಗೆ ಇದು ಗೊತ್ತಾಗಲಿಕ್ಕಿಲ್ಲ. ರೇಷ್ಮೆ ಹುಳು ಬೆಳೆಯೋವಾಗ ನಾಲ್ಕು ಸಲ ಮೈಮೇಲಿನ ಚರ್ಮ ಕಳಚುತ್ತೆ. ಹಾಗೆ ಕಳಚೋ ಮುಂಚೆ ಸೊಪ್ಪು ತಿನ್ನೋದು ಬಿಟ್ಟು, ತಲೆ ಮೇಲಕ್ಕೆತ್ತಿ, ಅಲ್ಲಾಡದೆ ಕೂತುಬಿಡುತ್ತೆ. ಅದಕ್ಕೇ ನಾವು ಜ್ವರ ಅನ್ನೋದು. ಆವಾಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಅಲುಗಿಸಬಾರದು. ಅಲುಗಿಸಿದರೆ ಚರ್ಮ ಸರಿಯಾಗಿ ಬಿಡದೆ ಹುಳು ಕೆಡುತ್ತೆ. ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿಕೊಂಡು ಬಂದರೆ ಆಯಿತು. ಮದುವೆಯಾಗಿ ಬಂದ ವಾರವೇ ನಮ್ಮ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಇದು, ಮುಟ್ಟಿದ ಕೈಗೆ ಒಂದು ಏಟೂ ಬಿದ್ದಿತ್ತು.

ಸೊಪ್ಪು ಕೊಯ್ಯೋ ಕೆಲಸ ಇಲ್ಲ, ಹಾಕೋ ಕೆಲಸ ಇಲ್ಲ. ಊಟ ಆದಮೇಲೆ ಜಗಲಿ ಮೇಲಿನ ಮಂಚದಲ್ಲಿ ಕಾಲು ಇಳಿಬಿಟ್ಟು ಕೂತು, ಮೊಮ್ಮಗಳನ್ನ ಕರೆದು, ಟ್ಯಾಬು ತಗೊಂಡು ನೀರಿಗೆ ಇಳಿದೆ. ಯಜಮಾನರು ಪಕ್ಕದ ಕುರ್ಚಿಯಲ್ಲಿ, ಸೊಸೆ ಅವರೆಕಾಯಿ ಸುಲೀತಾ ನೆಲದ ಮೇಲೆ.

ಸ್ವಲ್ಪ ದೂರ ಈಜಿದ ಮೇಲೆ ಒಂದು ಅಗಲ ಬಂಡೆ. ಬಂಡೆ ಮೇಲೆ ಬೆಳ್ಳಗೆ, ಉದ್ದಕ್ಕೆ, ಬೆರಳು ಗಾತ್ರದ್ದು ಒಂದು ಕೂತಿತ್ತು. ಎಲ್ಲರೂ ನೋಡಿದ್ದೇ ಅದು. ಯಜಮಾನರನ್ನ ಬಿಟ್ಟು ಮಿಕ್ಕವರೆಲ್ಲ ಮುಟ್ಟಿದ್ದರು, ಮುಟ್ಟಿದ ತಕ್ಷಣ ಅದು ಮುದುಡಿ ಬಂಡೆ ಸಂದಿಗೆ ಹೋಗ್ತಿತ್ತು, ಅವರು ಮುಂದಕ್ಕೆ ಹೋಗ್ತಿದ್ದರು. ಹಿಂದಿನ ದಿನ ನಾನೂ ಅವಸರದಲ್ಲಿ ಹಾಗೇ ಮಾಡಿದ್ದೆ. ಇವತ್ತು ಸರಿಯಾಗಿ ನೋಡಿದೆ. ತಲೆ ಮೇಲಕ್ಕೆತ್ತಿದೆ. ಮೈ ಬಿಗಿದು ಮಿನುಗ್ತಾ ಇದೆ. ಅಲ್ಲಾಡ್ತಾ ಇಲ್ಲ.

ಬೆಂಕಿ ಮುಟ್ಟಿದವಳ ಹಾಗೆ ಎರಡೂ ಹೆಬ್ಬೆಟ್ಟು ತೆಗೆದುಬಿಟ್ಟೆ. ಟ್ಯಾಬನ್ನ ಮೆತ್ತಗೆ ದಿಂಬಿನ ಮೇಲೆ ಒರಗಿಸಿಟ್ಟೆ.

"ಯಾಕೇ, ಚಾರ್ಜ್ ಹೋಯ್ತಾ?" ಅಂದರು ಯಜಮಾನರು.

"ಶ್! ಮೆತ್ತಗೆ ಮಾತಾಡಿ. ಜ್ವರಕ್ಕೆ ಕೂತಿದೆ."

"ಯಾವುದು? ಟ್ಯಾಬಾ?"

"ಈ ಹುಳು ಕಣ್ರೀ. ನಿನ್ನೆ ಇದನ್ನ ಮುಟ್ಟಿಬಿಟ್ಟಿದ್ದೀನಿ ಪಾಪಿ."

ಸೊಸೆಗೆ ನಗು ತಡೆಯೋಕಾಗಲಿಲ್ಲ. "ಸುಣ್ಣದ ಪುಡಿ ತರ್ಲಾ ಅತ್ತೆ? ಮೇಲೆ ಉದುರಿಸ್ತೀರಾ?"

"ನಗು ನಗು. ನಿನಗೆ ಚಿಪ್ಪು ಗುಡಿಸೋದು ಬಿಟ್ಟು ಇನ್ನೇನ್ ಗೊತ್ತು" ಅಂದೆ, ಪಿಸುಗುಟ್ಟಿಕೊಂಡೇ.

"ಇವಳನ್ನ ಕಟ್ಟಿಕೊಂಡು ಸಮುದ್ರಕ್ಕೆ ಹೋದ್ರೂ ಹುಳು ಮನೇನೇ ಗತಿ" ಅಂತ ಯಜಮಾನರು ಕೈ ಮುಗಿದರು.

ಮೊಮ್ಮಗಳು ಮಾತ್ರ ನಗಲಿಲ್ಲ. ಗೋಡೆ ಕಡೆ ತಿರುಗಿಕೊಂಡು ಕೂತುಬಿಟ್ಟಳು. ಬೇಜಾರಾಯಿತೇನೋ, ಬೇರೆ ಕಡೆ ಹುಡುಕದೆ ಅಜ್ಜಿ ಇಲ್ಲೇ ಕೂತಳಲ್ಲ ಅಂತ ಅಂದುಕೊಂಡೆ. ಆದರೂ ಕೈ ಮುಂದೆ ಹೋಗಲಿಲ್ಲ. ಮನೆ ಹುಳು ಆದರೇನು, ನೀರಿನ ಹುಳು ಆದರೇನು, ಜ್ವರ ಜ್ವರವೇ. ಏಳೋವರೆಗೂ ಕಾದು ಆಮೇಲೆ ಮುಂದೆ ಹೋದರಾಯಿತು.

ಎಷ್ಟು ಹೊತ್ತು ಆಯಿತೋ. ಸೊಸೆಯ ಮೊರದಲ್ಲಿ ಅವರೆಕಾಳು ಬೀಳೋ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ನೀರಿನ ಬಣ್ಣ ಯಾಕೋ ಕಪ್ಪಗಾಗ್ತಾ ಬಂತು. ಮೋಡ ಬಂದ ಹಾಗೆ. ಹುಳು ಮಾತ್ರ ಮೇಲೇ ನೋಡ್ತಿತ್ತು. ಆಮೇಲೆ ಬಂಡೆಯ ಅಂಚಿನ ಕೆಳಗಿಂದ, ಕತ್ತಲೆಯೊಳಗಿಂದ, ಒಂದು ಗೋಡೆ ಎದ್ದು ಬಂತು. ಗೋಡೆ ಅಲ್ಲ, ಬೆನ್ನು. ನಾನು ಇಳಿಬಿಟ್ಟಿದ್ದ ಎರಡೂ ಕಾಲನ್ನ ಸರಕ್ಕಂತ ಮಂಚದ ಮೇಲಕ್ಕೆ ಎಳಕೊಂಡೆ. ಎಲ್ಲಿ ತಗಲಿಬಿಡುತ್ತೋ ಅಂತ! ಬೆನ್ನು ಆದಮೇಲೆ ಪಕ್ಕೆ. ಪಕ್ಕೆ ಮುಗೀಲೇ ಇಲ್ಲ, ಬಂತು, ಬಂತು, ಇನ್ನೂ ಬಂತು. ಆಮೇಲೆ ತಿರುಗಿತು. ಒಂದು ಕಣ್ಣು. ಈ ತಾಯಿ ಹಸು ಕರು ಹಾಕಿದ ಮೇಲೆ ತಿರುಗಿ ನೋಡುತ್ತಲ್ಲ, ಆ ಥರದ ಕಣ್ಣು. ತಿಮಿಂಗಿಲ! ಅಕ್ಕಪಕ್ಕ ಸಣ್ಣ ಸಣ್ಣ ಬೆಳಕಿನ ಚುಕ್ಕಿ, ಹಿಟ್ಟು ಜರಡಿ ಹಿಡಿದ ಹಾಗೆ ಉದುರ್ತಾ ಇದೆ. ಅದು ಹುಳುವಿನ ಮೇಲಿಂದ, ನನ್ನ ಮೇಲಿಂದ, ನಿಧಾನಕ್ಕೆ ಹಾದು ಹೋಯಿತು.

"ಅವ್ವಾ! ಬಂದ್ರು! ಬಂದ್ರು ಕಣೇ!" ನಾನು ಕೂಗಿದ್ದಕ್ಕೆ ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಯಜಮಾನರು ಕುರ್ಚಿಯಿಂದ ಎದ್ದಿದ್ದರು, ಯಾರೋ ದೊಡ್ಡವರು ಮನೆಗೆ ಬಂದರೆ ಏಳೋ ಹಾಗೆ. ಸೊಸೆ ಮೊರ ಉಲ್ಟಾ ಮಾಡಿದ್ದಳು. ಮೊಮ್ಮಗಳು ಬಂದು ನನ್ನ ಕತ್ತು ತಬ್ಬಿಕೊಂಡಳು. ನೋಟ್ ಬುಕ್ಕು ಎಲ್ಲೋ, ಪೆನ್ಸಿಲ್ಲು ಎಲ್ಲೋ.

ತಕ್ಷಣ ಇಬ್ಬರಿಗೂ ಫೋನ್ ಹಚ್ಚಿದಳು, ಸ್ಪೀಕರ್ ಹಾಕಿದಳು. ಗೌರಿಬಿದನೂರಿನ ಹುಡುಗಿ ನಂಬಲಿಲ್ಲ.

"ನಿಮ್ಮ ಅಜ್ಜಿನಾ? ಸುಮ್ನಿರೇ. ಅಲ್ಲಿ ಮೂರು ನಿಮಿಷ ಕೈ ತೆಗೆದು ಕೂರಬೇಕು. ಯಾರಾದ್ರೂ ಕೂರ್ತಾರಾ? ನೀನೇ ಹೇಳಿಕೊಟ್ಟಿರ್ತೀಯ."

ನನ್ನ ಹುಡುಗಿಯ ಮುಖ ಇಳಿದುಹೋಯಿತು. ನನಗೆ ಎಲ್ಲಿತ್ತೋ ಕೋಪ, ಫೋನು ಕಿತ್ತುಕೊಂಡೆ. "ನೋಡಮ್ಮಾ, ನನಗೆ ಯಾರೂ ಹೇಳಿಕೊಟ್ಟಿಲ್ಲ. ಇವಳು ಗೋಡೆ ನೋಡ್ಕೊಂಡು ಕೂತಿದ್ದಳು. ಹುಳು ಜ್ವರಕ್ಕೆ ಕೂತಿತ್ತು. ಜ್ವರಕ್ಕೆ ಕೂತ ಹುಳಾನ ಮುಟ್ತಾರೇನಮ್ಮಾ? ಏಳೋವರೆಗೂ ಕಾದೆ."

ಆ ಕಡೆ ಚಿಂತಾಮಣಿ ಹುಡುಗ ಗಟ್ಟಿಯಾಗಿ ನಗೋಕೆ ಶುರು ಮಾಡಿದ. "ಜ್ವರ ಅಂದ್ರಾ? ಅಜ್ಜೀ, ಅದು ಹುಳುನೇ ಅಲ್ಲ! ಅದೊಂದು ನೀರಿನ ಪ್ರಾಣಿ, ತಿಮಿಂಗಿಲ ಬರೋ ದಾರಿ ನೋಡ್ತಾ ತಲೆ ಎತ್ತಿದೆ, ಅಷ್ಟೇ. ಲೇ, ಕೇಳಿಸ್ಕೊಂಡ್ಯಾ? ನಮ್ಮ ಅಮ್ಮನ ತವರಲ್ಲೂ ಹುಳು ಸಾಕ್ತಾರೆ, ಇದು ಅವರ ಮಾತೇ. ಹೇಳಿಕೊಟ್ಟಿದ್ರೆ ಇಷ್ಟು ತಪ್ಪಾಗಿ ಹೇಳ್ತಿದ್ರಾ ಅವರು? ಅಜ್ಜಿ ತಾವಾಗೇ ಕೂತಿದಾರೆ ಕಣೇ."

ನನಗೆ ಬೈದನೋ ಹೊಗಳಿದನೋ ತಿಳೀಲಿಲ್ಲ. ಎರಡೂ ಇರಲಿ ಅಂತ ನಕ್ಕೆ.

ಗೌರಿಬಿದನೂರಿನ ಹುಡುಗಿ ಆಮೇಲೆ ಸಣ್ಣ ದನಿಯಲ್ಲಿ ಒಂದು ನಿಜ ಹೇಳಿದಳು. ಅವಳೂ ಅದನ್ನ ಯಾವತ್ತೂ ಕಾದು ನೋಡಿಲ್ಲವಂತೆ! ಕಂಪ್ಯೂಟರಿನಲ್ಲಿ ಬೇಗ ಬೇಗ ಓಡಿಸಿ, ಸರಿಯಾಗಿದೆ ಅಂತ ಗುರುತು ಹಾಕಿದ್ದಳಂತೆ.

"ಈಗ ನೋಡಮ್ಮಾ. ನಾವು ಕಾಯ್ತೀವಿ" ಅಂದೆ.

ಫೋನು ಮಂಚದ ಮೇಲೆ ಇಟ್ಟು ನಾಲ್ಕೂ ಜನ ಸುತ್ತ ಕೂತೆವು. ಆ ಕಡೆ ಅವರ ಮನೆಯಲ್ಲಿ ಕುಕ್ಕರ್ ಕೂಗಿತು. ಅವಳ ಅಮ್ಮ ಇರಬೇಕು, ಕಾಫಿ ಆರಿಹೋಗುತ್ತೆ ಬಾ ಅಂದರು. ಯಜಮಾನರು ಕೆಮ್ಮು ಬಂದರೂ ತಡಕೊಂಡರು. ಆಮೇಲೆ ಆ ಹುಡುಗಿ ಉಸಿರು ಎಳಕೊಂಡ ಸದ್ದು, ಅದರ ಹಿಂದೆಯೇ ಕೂಗು: "ಅಮ್ಮಾ! ಇಲ್ಲಿ ಬಾ, ಬೇಗ ಬಾ, ನೋಡು ಬಾ!"

ಅಲ್ಲಿಗೆ ತೀರ್ಮಾನ ಆಯಿತು. ಅದನ್ನ ತೆಗೆಯೋ ಮಾತು ಯಾರೂ ಎತ್ತಲಿಲ್ಲ. ಫೋನು ಬಿಸಿಯಾಗೋದಕ್ಕೆ ಬೇರೆ ಏನಾದರೂ ಮಾಡ್ತಾರಂತೆ. ಅದು ಅವರ ವಿದ್ಯೆ.

ಎಲ್ಲ ಗಲಾಟೆ ಮುಗಿದ ಮೇಲೆ ನಾನು ಮೊಮ್ಮಗಳನ್ನ ಕೇಳಿದೆ. "ಅದು ಹಾಗೆ ಹೋಯ್ತಲ್ಲ ಮಗಾ, ಎಲ್ಲಿಗೆ ಹೋಯ್ತು?"

"ಗೊತ್ತಿಲ್ಲ ಅಜ್ಜಿ. ಅಲ್ಲಿಂದಾಚೆ ನಾನಿನ್ನೂ ನೀರೇ ಮಾಡಿಲ್ಲ."

"ಮಾಡದಿದ್ದರೆ ಹೇಗೆ? ಅಷ್ಟು ದೊಡ್ಡವರು ಎಲ್ಲಿಗೋ ಹೊರಟಿದಾರೆ. ಮಾಡು" ಅಂದೆ.

ಅವಳು ಮಂಚದ ಕೆಳಗೆ ಕೈ ಹಾಕಿ ಪೆನ್ಸಿಲ್ಲು ಹುಡುಕೋಕೆ ಶುರು ಮಾಡಿದಳು.