ಕೆನ್ನೆಯ ಮೇಲಿನ ಗ್ರೀಸ್

ಅಮೆರಿಕದ ಪುಟ್ಟ ಊರು ಹಾಲ್‌ಬರ್ಗಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳೆಲ್ಲ ಶಾಲೆಯ ಗೋಡೆಗೆ ಹಾಕುವ ಫೋಟೊಗೆಂದು ರೈಲು ಹಳಿಯ ಮೇಲೆ ನಡೆದವರೇ, ಹುಲ್ಲಿನ ಪಿಂಡಿಗೆ ಒರಗಿದವರೇ. ಜನ್ಮದಲ್ಲಿ ಹಸು ಮುಟ್ಟದ ಬ್ಯಾಂಕ್ ಮ್ಯಾನೇಜರನ ಮಗನೂ ಎರವಲು ಬೂಟು ಹಾಕಿಕೊಂಡು ರೈತನಾಗಿಬಿಡುತ್ತಿದ್ದ. ಇದನ್ನು ಕಂಡರೆ ಫೋಟೊಗ್ರಾಫರ್ ವರ್ನಾ ಕೋಲ್ಟರ್‌ಮನ್‌ಗೆ ಮೈ ಉರಿಯುತ್ತಿತ್ತು.

ಅವಳ ರೀತಿಯೇ ಬೇರೆ. ಮೊದಲು ಮಕ್ಕಳ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಬೀರುವಿನ ಬಟ್ಟೆಗಳ ಗೊಡವೆ ಅವಳಿಗಿಲ್ಲ; ಬಾಗಿಲ ಬಳಿ ಬಿಟ್ಟ ಜೋಡುಗಳ ಮೇಲೇ ಕಣ್ಣು. ಎಲ್ಲಕ್ಕಿಂತ ಸವೆದ ಜೋಡು ದಿನವೂ ಎಲ್ಲಿಗೆ ಹೋಗುತ್ತದೆಂದು ಕೇಳಿ, ಫೋಟೊ ಅಲ್ಲೇ ಎಂದು ಹಟ ಹಿಡಿಯುತ್ತಿದ್ದಳು.

ಆ ವರ್ಷ ಶಾಲೆ ಮುಗಿಸುತ್ತಿದ್ದ ಟೆಸ್ಸಾಳ ಸವೆದ ಬೂಟು ಹೋಗುತ್ತಿದ್ದದ್ದು ಮನೆ ಹಿಂದಿನ ಶೆಡ್ಡಿಗೆ. ಜಿಲ್ಲಾ ಮೇಳದಲ್ಲಿ ಕಾರಿಗೆ ಕಾರು ಗುದ್ದಿಸುವ ಪಂದ್ಯವಿತ್ತಲ್ಲ, ಅದಕ್ಕೆಂದು ಹಳೆಯ ಷೆವರ್ಲೆ ಕಾರೊಂದನ್ನು ಅವಳೇ ಬೆಸುಗೆ ಹಾಕಿ ಕಟ್ಟಿದ್ದಳು. ತಾಯಿ ಜೊಲೀನ್‌ಗೆ ಬೇಕಾದದ್ದು ಮಾತ್ರ ಸೂರ್ಯಕಾಂತಿ ಹೊಲ ಮತ್ತು ಬಿಳಿ ಲೇಸಿನ ಗೌನು. ಆ ಗೌನನ್ನು ಒಂದು ಕಾಲಕ್ಕೆ ತನ್ನ ಫೋಟೊಗೆಂದೇ ಕೊಂಡಿದ್ದಳು. ಬಸುರಾಗಿ ಶಾಲೆ ಬಿಟ್ಟಾಗ ಫೋಟೊ ಹಾಗೇ ಉಳಿಯಿತು. ಗೌನು ಹಾಕಿಸಿದರೆ ಶಾಲೆಯ ಗೋಡೆಯಲ್ಲಿ ತನ್ನ ಜಾಗ ಖಾಲಿ ಬಿಡಿ ಎಂದಳು ಟೆಸ್ಸಾ. ತಾಯಿಯೂ ಜಗ್ಗಲಿಲ್ಲ. ಕೊನೆಗೆ ವರ್ನಾ, ಎರಡೂ ಕಡೆ ತೆಗೆದು ನೋಡೋಣ ಎಂದು ಇಬ್ಬರನ್ನೂ ಹೊರಡಿಸಿದಳು.

ಹೊಲದಲ್ಲಿ ಟೆಸ್ಸಾ ಗೌನು ತೊಟ್ಟು, ಹಲ್ಲು ಕೀಳಿಸಿಕೊಳ್ಳುವವಳಂತೆ ನಿಂತಳು. ವರ್ನಾ ಒಂದೂ ಕ್ಲಿಕ್ಕಿಸದೆ ಜೊಲೀನ್‌ಳನ್ನು ಕರೆದು, ಕ್ಯಾಮರಾದೊಳಗೆ ನೋಡಲು ಹೇಳಿದಳು.

"ನಿಮ್ಮ ಮಗಳು ಕಾಣ್ತಾಳೇನ್ರೀ?"

ಜೊಲೀನ್ ಬಗ್ಗಿ ಕಣ್ಣಿಟ್ಟಳು. "ಇಲ್ಲ ಕಣ್ರೀ. ನಾನೇ ಕಾಣ್ತಿದೀನಿ."

ಶೆಡ್ಡಿಗೆ ಬಂದು ಟೆಸ್ಸಾ ಬಟ್ಟೆ ಬದಲಿಸಿ, ಜಜ್ಜಿಹೋದ ಬಾನೆಟ್ ಮೇಲೆ ಕುಳಿತಳು. ಆದರೆ ಫೋಟೊಗೆಂದು ಉಜ್ಜಿ ತೊಳೆದ ಮುಖ ಇನ್ನೂ ಬಿಗಿದೇ ಇತ್ತು. ಜೊಲೀನ್ ಗ್ರೀಸ್ ಡಬ್ಬಕ್ಕೆ ಬೆರಳದ್ದಿ, ಮಗಳ ಕೆನ್ನೆಗೆ ಉದ್ದಕ್ಕೂ ಬಳಿದಳು.

"ಹಾಂ, ಈಗ ನನ್ ಮಗಳ ಥರ ಇದೀಯ. ದಿನಾ ಊಟಕ್ಕೆ ಬರೋ ಹಂದಿ."

ಟೆಸ್ಸಾ ತಲೆ ಹಿಂದಕ್ಕೆಸೆದು ನಕ್ಕಳು. ವರ್ನಾ ಒತ್ತಿದಳು. ಜೀವಮಾನದಲ್ಲಿ ತೆಗೆದ ಫೋಟೊಗಳಲ್ಲೆಲ್ಲ ಅದೇ ಎಲ್ಲಕ್ಕಿಂತ ಮೇಲಿನದು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಮೇ ತಿಂಗಳಲ್ಲಿ ಶಾಲೆ ಮುಗಿಸಿದವರನ್ನು ಬೀಳ್ಕೊಡುವ ದಿನ ಶಾಲೆಯ ಗೋಡೆಯ ತುಂಬ ರೈಲು ಹಳಿಗಳು. ಅವುಗಳ ನಡುವೆ ಆ ಷೆವರ್ಲೆ. ಜನ ಅಲ್ಲೇ ಗುಂಪುಗೂಡಿದರು. ಗ್ರೀಸ್ ಬಳಿದದ್ದು ತಾನೇ ಎಂದು ಜೊಲೀನ್ ಬಂದವರಿಗೆಲ್ಲ ಬೆರಳು ಎತ್ತಿ ತೋರಿಸಿದಳು.

ಮರುವಾರ ವರ್ನಾಳ ಸ್ಟುಡಿಯೊ ಬಾಗಿಲು ತಟ್ಟಿದ್ದು ಜೊಲೀನೇ. ಮೈಮೇಲೆ ಅದೇ ಲೇಸಿನ ಗೌನು, ಬೆನ್ನ ಹಿಂದೆ ಜಿಪ್ಪು ಅರ್ಧಕ್ಕೇ ನಿಂತಿತ್ತು. ಕಾಲಲ್ಲಿ ಮಾತ್ರ, ದಿನವೂ ದುಡಿಯುವ ಹೋಟೆಲಿನಲ್ಲಿ ತಟ್ಟೆ ಹೊತ್ತು ಹೊತ್ತು ಸವೆದ ಕಪ್ಪು ಜೋಡು.

"ನಂದೂ ಒಂದು ತೆಗೀರಿ," ಎಂದಳು. "ಹೋಟ್ಲಲ್ಲೇ."