ನಾಲ್ಕು ನಟ್ಟುಗಳ ಕೆಂಪು ಚುಕ್ಕೆ

ಮೊನ್ನೆ ಬೆಳಿಗ್ಗೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಎದ್ದು ಕಾಫಿ ಗಿಡಗಳ ನಡುವೆ ನಿಂತುಬಿಟ್ಟಿತು. ಆಯಿಲ್ ಬೆರೆಸಿದ ಪೆಟ್ರೋಲು ಸುಟ್ಟ ವಾಸನೆ. ಆಯಿಲ್ ಯಾಕೆ ಇಷ್ಟೊಂದು ಸುರಿದಿದ್ದಾರೆ, ಪೆಟ್ರೋಲನ್ನು ಯಾರಾದರೂ ಬಗ್ಗಿಸಿಕೊಂಡು ಹೋದರೋ ಎಂಬ ಅನುಮಾನ ಮೊದಲು ಬಂತು. ಆಮೇಲೆ ಅವರು ನೆನಪಾದರು. ನನ್ನದು ಯಾವಾಗಲೂ ಇದೇ ಕ್ರಮ. ಮೊದಲು ಅನುಮಾನ, ಉಳಿದದ್ದೆಲ್ಲ ಆಮೇಲೆ.

ಅವರನ್ನು ನಾವು ಗ್ಯಾರೇಜಣ್ಣ ಎನ್ನುತ್ತಿದ್ದೆವು. ಯಸಳೂರಿನಿಂದ ಸಕಲೇಶಪುರದ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಅವರದೊಂದು ತಗಡಿನ ಶೆಡ್ ಇತ್ತು. ಬೋರ್ಡು ಇರಲಿಲ್ಲ. ಅವರು ಕೈಯಿಟ್ಟ ಇಂಜಿನ್ ಕೆಡುವುದಿಲ್ಲ ಎಂಬ ಜನರ ಬಾಯಿಮಾತೇ ಅವರ ಬೋರ್ಡು, ಅದೇ ಅವರ ಅನ್ನ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಮಾತು ಕಮ್ಮಿ. ಮಾತು ಕಮ್ಮಿ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಆಗ ನನಗೆ ಇಪ್ಪತ್ತೈದು. ಮಡ್‌ಗಾರ್ಡ್ ಕಿತ್ತು, ಎತ್ತರದ ಹ್ಯಾಂಡಲ್ ಹಾಕಿ, ಗಂಟುಗಂಟಿನ ಟೈರು ತೊಡಿಸಿದ ಹಳೆಯ ಟೂ ಸ್ಟ್ರೋಕ್ ಗಾಡಿಯೊಂದು ನನ್ನ ಹತ್ತಿರ ಇತ್ತು. ನೂರು ಸಿಸಿಯೂ ತುಂಬದ ಇಂಜಿನ್. ಭತ್ತದ ಕೊಯ್ಲು ಮುಗಿದ ಮೇಲೆ ಕುಂದೂರಿನ ಕಡೆಯ ಹುಡುಗರು ಬೋಳು ಗದ್ದೆಯಲ್ಲಿ ಬೈಕ್ ರೇಸ್ ಇಡುತ್ತಿದ್ದರು. ಎಷ್ಟು ಸಿಸಿ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಎರಡು ವರ್ಷ ಕುಂದೂರಿನ ಒಬ್ಬನೇ ಗೆದ್ದಿದ್ದ. ಮೂರನೆಯ ವರ್ಷ ಅವನನ್ನು ಹಿಂದೆ ಹಾಕಲೇಬೇಕು ಎಂದು ನಾನು ಗ್ಯಾರೇಜಣ್ಣನ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ದೊಡ್ಡದು ಮಾಡಿಕೊಡಿ ಎಂದೆ.

ಅವರು ಟೀ ಕುಡಿಯುತ್ತಿದ್ದ ಲೋಟವನ್ನೇ ಎತ್ತಿ ತೋರಿಸಿದರು. "ಸಿಸಿ ಅಂದ್ರೆ ಇಷ್ಟೇ ಮಾರಾಯ. ಲೋಟ ಅಗಲ ಆದ್ರೆ ಜಾಸ್ತಿ ಹಿಡೀತೈತೆ. ಸಿಲಿಂಡರ್ ಒಳಗೆ ಹೊಸ ಸ್ಲೀವ್ ಕೂರಿಸಿ ಅಗಲ ಕೊರೆಸ್ತೀನಿ, ಐವತ್ತಾರರ ಪಿಸ್ಟನ್ ಹಾಕಾನ."

ನನ್ನ ಗಾಡಿಯಲ್ಲಿ ಇದ್ದದ್ದು ಐವತ್ತು ಮಿಲಿಮೀಟರಿನ ಪಿಸ್ಟನ್. ಐವತ್ತಾರು ಎಂದರೆ ಇಂಜಿನ್ ಸುಮಾರು ಕಾಲುಪಾಲು ದೊಡ್ಡದಾದಂತೆ. ಖುಷಿಯಲ್ಲೇ ಮನೆಗೆ ಬಂದೆ. ಮಾರನೆಯ ದಿನ ಅದೇ ಶೆಡ್ಡಿನಲ್ಲಿ ಕುಂದೂರಿನವನ ಗಾಡಿಯೂ ಬಿಚ್ಚಿಕೊಂಡು ನಿಂತಿದ್ದನ್ನು ಕಂಡೆ. ಐವತ್ತಾರರ ಪಿಸ್ಟನ್ ಹಾಸನದಲ್ಲಿ ಒಂದೇ ಒಂದು ಸಿಕ್ಕಿದೆ ಎಂದೂ ಕೇಳಿದೆ. ಅದನ್ನು ಅವನಿಗೆ ಹಾಕಿ ನನಗೆ ಯಾವುದೋ ಹಳೆಯದನ್ನು ಕೂರಿಸಿಬಿಟ್ಟರೆ ಎಂಬ ಹುಳ ಅಲ್ಲಿಂದ ನನ್ನ ತಲೆಯೊಳಗೆ ಹೊಕ್ಕಿತು.

ಇಂಜಿನ್ ಜೋಡಿಸುವ ದಿನ ಅವರು ಶೆಡ್ಡಿನ ಬಾಗಿಲು ಹಾಕಿಕೊಂಡುಬಿಟ್ಟರು. ರಸ್ತೆಯ ಧೂಳು ಒಳಗೆ ಬರಬಾರದು ಎಂದು ಅವರು ಯಾವಾಗಲೂ ಹಾಗೆ ಮಾಡುತ್ತಿದ್ದರಂತೆ. ನನಗೆ ಆಗ ಹಾಗೆ ಕಾಣಲಿಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದೆ, ಅವರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಇಂಜಿನ್ನಿನ ತಲೆಯ ನಾಲ್ಕು ನಟ್ಟುಗಳ ಮೇಲೂ ಒಂದೊಂದು ಕೆಂಪು ಚುಕ್ಕೆ ಇಟ್ಟರು. ಹೆಂಡತಿಯ ಉಗುರು ಬಣ್ಣದ ಶೀಸೆ ಅದಕ್ಕೆಂದೇ ಸ್ಪ್ಯಾನರುಗಳ ಜೊತೆ ಇರುತ್ತಿತ್ತು. ನಟ್ಟು ತಿರುಗಿದರೆ ಚುಕ್ಕೆ ಒಡೆಯುತ್ತದೆ, ಬೇರೆಯವರು ಬಿಚ್ಚಿದ್ದು ಗೊತ್ತಾಗುತ್ತದೆ. ಒಳಗಿರುವುದನ್ನು ನಾನು ನೋಡಬಾರದು ಎಂದೇ ಈ ಮುದ್ರೆ ಎಂದುಕೊಂಡೆ.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಮಧ್ಯಾಹ್ನ ಮನೆಯವರೆಲ್ಲ ಕಣದಲ್ಲಿದ್ದಾಗ, ಕಾಫಿ ಮೂಟೆಯಿಡುವ ಸ್ಟೋರಿನ ಹಿಂದೆ ಗಾಡಿ ನಿಲ್ಲಿಸಿ ಸೈಲೆನ್ಸರ್ ಸಡಿಲಿಸಿ ನಾಲ್ಕೂ ನಟ್ಟು ಬಿಚ್ಚಿದೆ. ಮೇಲಿನ ಹೆಡ್ ಒಂದನ್ನೇ ಎತ್ತುವ ಲೆಕ್ಕ ನನ್ನದು. ಅದು ಸಿಲಿಂಡರಿಗೆ ಅಂಟಿಕೊಂಡಿತ್ತು, ಎಳೆದ ರಭಸಕ್ಕೆ ಎರಡೂ ಒಟ್ಟಿಗೆ ಮೇಲೆದ್ದು ಬಂದವು. ಪಿಸ್ಟನ್ ಹೊರಗೆ ಬಂತು. ಅದರ ನೆತ್ತಿಯ ಮೇಲೆ ಅಚ್ಚೊತ್ತಿದ್ದ ಅಂಕಿಯನ್ನು ಬೆರಳಲ್ಲಿ ಒರೆಸಿ ನೋಡಿದೆ. ಐವತ್ತಾರು. ಹೊಚ್ಚಹೊಸದು.

ನಾಚಿಕೆಯಾಗಬೇಕಿತ್ತು. ಆದದ್ದು ಗಾಬರಿ. ಸಿಲಿಂಡರನ್ನು ಹೇಗೋ ಒತ್ತಿ ಮತ್ತೆ ಕೂರಿಸಿದೆ. ಪಿಸ್ಟನ್ನಿನ ಸುತ್ತ ಇರುವ ರಿಂಗಿನ ಬಾಯಿ ಒಂದು ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ರಿಂಗು ಮುರಿಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನಟ್ಟು ಬಿಗಿದು, ತಂಗಿಯ ಉಗುರು ಬಣ್ಣ ತಂದು ನಾಲ್ಕು ಚುಕ್ಕೆ ಇಟ್ಟೆ. ಅವರದು ಇಟ್ಟಿಗೆ ಕೆಂಪು, ತಂಗಿಯದು ಕೊಂಚ ಗುಲಾಬಿಯ ಕಡೆಗೆ... ಒಣಗಿದರೆ ಹೊಂದಿಕೊಳ್ಳುತ್ತದೆ ಎಂದುಕೊಂಡೆ. ಗಾಡಿ ಸ್ಟಾರ್ಟ್ ಆಯಿತು. ಸದ್ದು ಸ್ವಲ್ಪ ಬೇರೆ ಇತ್ತೋ ಏನೋ, ಕೇಳಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ.

ರೇಸಿನ ದಿನ ಎರಡು ಸುತ್ತು ನಾನೇ ಮುಂದಿದ್ದೆ. ಆ ಇಂಜಿನ್ನಿನ ಎಳೆತ ಇವತ್ತಿಗೂ ನನ್ನ ಮುಂಗೈಯಲ್ಲಿ ಉಳಿದಿದೆ. ಮೂರನೆಯ ಸುತ್ತಿನಲ್ಲಿ ಇಂಜಿನ್ ಕಟಕ್ ಎಂದು ಸಿಕ್ಕಿಬಿದ್ದು ಹಿಂದಿನ ಚಕ್ರ ಕಚ್ಚಿಕೊಂಡಿತು, ಕೂಳೆಯ ಮೇಲೆ ಉರುಳಿಬಿದ್ದೆ. ಕುಂದೂರಿನವನು ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹೋದ.

ಜನ ಸೇರಿದರು. ಅವರಲ್ಲಿ ಒಬ್ಬರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಗ್ಯಾರೇಜಣ್ಣನ ಹತ್ತಿರವೇ ಗಾಡಿ ಬಿಡುತ್ತಿದ್ದವರು, ನನ್ನನ್ನು ಎಬ್ಬಿಸುತ್ತ ಕೇಳಿದರು. "ಏನಾತೋ? ಹಳೇ ಪಿಸ್ಟನ್ ಹಾಕ್ಬುಟ್ನೇನೋ ಅವ್ನು?"

ಐವತ್ತಾರು ಎಂಬ ಅಂಕಿಯನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ, "ಹೂಂ, ಇರ್ಬೇಕು" ಎಂದೆ.

ಗ್ಯಾರೇಜಣ್ಣ ಅಲ್ಲೇ ಇದ್ದರು. ಸ್ಪ್ಯಾನರಿನ ಚೀಲ ಹಿಡಿದು ಜನರನ್ನು ಸರಿಸಿಕೊಂಡು ಬಂದು ಗಾಡಿಯ ಪಕ್ಕ ಕೂತರು. ಮೊದಲು ನೋಡಿದ್ದು ನಟ್ಟುಗಳನ್ನು. ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದರು, ಬೆರಳ ತುದಿಯ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ರೈಟರ ಕಡೆ ತಿರುಗಿ, "ನನ್ ಕೆಲ್ಸದಲ್ಲೇ ಏನೋ ಹೆಚ್ಚುಕಮ್ಮಿ ಆಗೈತೆ ಕಣ್ರೀ" ಎಂದರು.

ಅದನ್ನು ಕೇಳಿ ನನಗೆ ಕೃತಜ್ಞತೆ ಹುಟ್ಟಲಿಲ್ಲ. ತಪ್ಪು ಮಾಡದವನು ಯಾಕೆ ಒಪ್ಪಿಕೊಳ್ಳುತ್ತಾನೆ, ನಿಜವಾಗಿಯೂ ಏನೋ ಎಡವಟ್ಟು ಮಾಡಿರಬೇಕು ಎಂದು ಅನುಮಾನ ಪಟ್ಟೆ. ಹಲವು ವರ್ಷ ಆ ಅನುಮಾನವನ್ನೇ ಹಾಸಿ ಹೊದ್ದುಕೊಂಡು ನಿದ್ದೆ ಮಾಡಿದ್ದೇನೆ.

ಹದಿನೈದು ದಿನದ ಮೇಲೆ ಗಾಡಿ ರಿಪೇರಿಯಾಯಿತು. ಮುರಿದ ರಿಂಗಿನ ಚೂರನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಟ್ಟುಗಳ ಮೇಲೆ ಚುಕ್ಕೆ ಇರಲಿಲ್ಲ.

"ಚುಕ್ಕೆ ಇಟ್ಟಿಲ್ವಲ್ಲಣ್ಣ?" ಎಂದು ಕೇಳಿದೆ. ಕೇಳಬಾರದಿತ್ತು.

"ಬಣ್ಣ ಮುಗ್ದೋತು ಮಾರಾಯ" ಎಂದರು. ಶೀಸೆ ಅವರ ಹಿಂದೆಯೇ ಇತ್ತು, ಅರ್ಧ ತುಂಬಿತ್ತು.

ನನ್ನ ಒಂದು ಹೂಂ ಆಲೂರಿನ ತನಕ ಹೋಗಿತ್ತು. ರೇಸಿನವರು ಮೊದಲು ಬರುವುದನ್ನು ಬಿಟ್ಟರು, ಆಮೇಲೆ ಉಳಿದವರು. ಒಂದೆರಡು ಮಳೆಗಾಲದ ನಂತರ ಶೆಡ್ ಮುಚ್ಚಿ, ಅವರು ಯಾವುದೋ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಸಂತೆಯಲ್ಲಿ ಎದುರಾದಾಗ ನಾನೇ ಪಕ್ಕದ ಅಂಗಡಿಗೆ ನುಗ್ಗುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರಂತೆ. ನನಗೆ ಬಸ್ಸಿನಲ್ಲಿ ಯಾರೋ ಹೇಳಿದ್ದು, ಅದೂ ತಿಂಗಳು ಕಳೆದ ಮೇಲೆ...

ಮೊನ್ನೆ ಆ ನೀಲಿ ಹೊಗೆಯ ನಡುವೆ ಮಷಿನ್ ಹಿಡಿದಿದ್ದ ಆಳು ಅದನ್ನು ಆಫ್ ಮಾಡಿ, ನನ್ನ ಸ್ವಭಾವ ಬಲ್ಲವನಾದ್ದರಿಂದ ತಾನೇ ಕೇಳಿದ. "ಪಿಸ್ಟನ್ ಹೊಸದು ಹಾಕಿದೀನಿ ಅಂದಿದ್ದ ಸಕಲೇಶಪುರದ ಮೆಕ್ಯಾನಿಕ್ಕು. ಬಿಚ್ಚಿ ನೋಡ್ಬುಡಾನ ಸಾರ್?"

ನನ್ನ ಕೈ ಆಗಲೇ ನಟ್ಟಿನ ಮೇಲಿತ್ತು. ತೆಗೆದೆ.

"ಬೇಡ. ಹಿಂದೆ ಒಬ್ಬರದ್ದು ಬಿಚ್ಚಿ ನೋಡಿದ್ದೆ" ಎಂದೆ.

"ಏನಿತ್ತು ಸಾರ್ ಒಳಗೆ?"

"ಹೊಸದೇ ಇತ್ತು ಕಣೋ. ಅವರು ಹೇಳಿದ್ದೇ ಇತ್ತು."

ರೈಟರಿಗೆ ಕೊಡಬೇಕಾಗಿದ್ದ ಉತ್ತರ ಅದು. ಆಳು ತಲೆಯಾಡಿಸಿ ಮತ್ತೆ ಮಷಿನ್ನಿನ ಹಗ್ಗ ಎಳೆದ.