ಎಣ್ಣೆ ಕಡಿಮೆಯಾಗಿರಲಿಲ್ಲ

ಮಾದಪ್ಪಣ್ಣ, ಆ ದಿನ ನೀವು ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆತಿರಲಿಲ್ಲ. ಹೆಮ್ಮಿಗೆಯ ಪುಟ್ಟಸ್ವಾಮಿ ಮೇಷ್ಟ್ರು ಬೈಕಿನಿಂದ ಬಿದ್ದದ್ದು ನಿಮ್ಮ ಕೈತಪ್ಪಿನಿಂದಲ್ಲ, ನಾನು ಮಾಡಿದ ಪಿಸ್ಟನ್ನಿನಿಂದ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಅಂಗಡಿಯಲ್ಲಿ, ಅಷ್ಟು ಜನರ ಮುಂದೆ, ಸುಳ್ಳು ಹೇಳಿದೆ.

ಇಷ್ಟನ್ನು ಬರೆಯಲು ಐದು ವರ್ಷ ಬೇಕಾಯಿತು. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ — ಮೇಷ್ಟ್ರ ಮನೆಯವರೂ ಇದನ್ನು ಕೇಳಬೇಕು, ಅವರಿಗೆ ಮೊದಲಿನಿಂದ ತಿಳಿಯಬೇಕು.

ಮೈಸೂರಿನಲ್ಲಿ ಆ ಹಳೇ ಟೂ-ಸ್ಟ್ರೋಕ್ ಬೈಕುಗಳು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸಬೇಕಾದವು, ತಯಾರಾಗುತ್ತಿದ್ದ ಕಾಲದಲ್ಲಿ ನೀವು ಅವುಗಳ ಎಂಜಿನ್ ಜೋಡಿಸುತ್ತಿದ್ದಿರಿ. ಕಾರ್ಖಾನೆ ಮುಚ್ಚಿದ ಮೇಲೆ ತಿ. ನರಸೀಪುರದಲ್ಲಿ ಅಂಗಡಿ ಇಟ್ಟಿರಿ. ಡಿಪ್ಲೊಮಾ ಮುಗಿಸಿ ಬಂದ ನನಗೆ ಎಂಜಿನ್ ಬಿಚ್ಚುವುದನ್ನು, ಕಟ್ಟುವುದನ್ನು ಕಲಿಸಿದಿರಿ. ಆಮೇಲೆ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು ಅದೇ ಬೈಕುಗಳಿಗೆ ಬಿಡಿಭಾಗ ಮಾಡತೊಡಗಿದೆ. ಮೊದಲು ಕ್ಲಚ್ ಪ್ಲೇಟು, ಬುಷ್ಷು. ಕೊನೆಗೆ ಪಿಸ್ಟನ್ — ಹಳೆಯದರ ನಕಲಲ್ಲ, ಅದಕ್ಕಿಂತ ಒಳ್ಳೆಯದು ಮಾಡಬೇಕೆಂಬ ಹಟ ನನಗೆ.

ಹಳೆಯ ಪಿಸ್ಟನ್ ಸಿಲಿಂಡರಿನೊಳಗೆ ಕೊಂಚ ಸಡಿಲ. ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು. ನಾನು ಹೊಸ ಲೋಹ ಎರೆದು, ಆ ಸಂದು ಕಿರಿದು ಮಾಡಿದೆ. ಸದ್ದು ನಿಂತಿತು. ಹಿಗ್ಗಿ ಹೋದೆ. ನಿಮಗೆ ತಂದು ತೋರಿಸಿದಾಗ ನೀವು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ ಹೇಳಿದಿರಿ: “ಚೆಂದಾಗದೆ ಕಣಪ್ಪ. ಆದ್ರೆ ಕಾದ್ಮೇಲೆ ಇದು ಉಬ್ಬಕೆ ಜಾಗ ಬೇಕಲ್ಲ. ಇನ್ನೊಸಿ ಸಡ್ಲ ಬುಡು.”

ನಾನು ನಕ್ಕುಬಿಟ್ಟೆ. ಹೊಸ ಲೋಹ ಅಷ್ಟೆಲ್ಲ ಉಬ್ಬುವುದಿಲ್ಲ ಎಂದೆ. ಹೇಳಿದ ಧಾಟಿ ಈಗ ನೆನೆದರೆ — ಇರಲಿ.

ಮೊದಲ ಹನ್ನೆರಡು ಪಿಸ್ಟನ್ ಹೊರಗೆ ಹೋದವು. ಅದರಲ್ಲೊಂದು ಮೇಷ್ಟ್ರ ಬೈಕಿಗೆಂದು ನಿಮಗೆ. ನನ್ನ ಬೈಕಿಗೂ ಒಂದು ಹಾಕಿಕೊಂಡಿದ್ದೆ. ಒಂದು ಸೋಮವಾರ, ತಾಂಡವಪುರ ದಾಟುತ್ತಿದ್ದಂತೆ ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗಲೇ ಇಲ್ಲ. ಕ್ಲಚ್ ಒತ್ತಿ ಹೇಗೋ ಬಚಾವಾದೆ. ಶೆಡ್ಡಿಗೆ ತಂದು ಬಿಚ್ಚಿದರೆ ಪಿಸ್ಟನ್ನಿನ ಮೈಮೇಲೆ ನಾಲ್ಕು ಕಡೆ ನಾಲ್ಕು ಉದ್ದನೆಯ ಗೀರು. ಎಣ್ಣೆ ಸಾಲದೆ ಹಿಡಿದರೆ ಮೈಯೆಲ್ಲ ಉಜ್ಜಿಹೋಗಿರುತ್ತದೆ, ಜಾಗವಿಲ್ಲದೆ ಉಬ್ಬಿ ಹಿಡಿದರೆ ಮಾತ್ರ ಹೀಗೆ ನಾಲ್ಕು ಗೀರು ಬೀಳುತ್ತದೆ. ಇದನ್ನು ನನಗೆ ಕಲಿಸಿದ್ದೂ ನೀವೇ.

ಆಗಲೇ ನಿಮಗೆ ಫೋನ್ ಮಾಡಬೇಕಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ಮುಂದಿನ ಭಾನುವಾರ ಮೈಸೂರಿನಲ್ಲಿ ಹಳೇ ಬೈಕಿನವರೆಲ್ಲ ಸೇರುವುದಿತ್ತು. ಅಲ್ಲಿ ನನ್ನ ಪಿಸ್ಟನ್ ತೋರಿಸುವುದಿತ್ತು. ಭಾನುವಾರ ಒಂದು ಕಳೆಯಲಿ ಅಂದುಕೊಂಡೆ.

ಭಾನುವಾರಕ್ಕೆ ಮುಂಚೆ ಶುಕ್ರವಾರ ಬಂತು. ನೀವು ನನ್ನ ಮಾತು ನಂಬಿ ಪಿಸ್ಟನ್ ಕೂರಿಸಿ, ಮೊದಲ ಟ್ಯಾಂಕಿನ ಪೆಟ್ರೋಲಿಗೆ ಕೈಯಾರೆ ಎಣ್ಣೆ ಬೆರೆಸಿ ಬೈಕು ಕೊಟ್ಟಿರಿ. ಹೆಮ್ಮಿಗೆ ದಾರಿಯ ನಾಲೆ ಏರಿಯ ಮೇಲೆ ಎಂಜಿನ್ ಹಿಡಿಯಿತು. ಮೇಷ್ಟ್ರ ಬಲಭುಜ ಮುರಿಯಿತು. ಆ ಕೈ ಇವತ್ತಿಗೂ ತಲೆಯ ಮಟ್ಟಕ್ಕೆ ಏಳುವುದಿಲ್ಲ.

ನೀವು ಕರೆದಿರಿ, ನಾನು ಬಂದೆ. ಎಂಜಿನ್ ಬಿಚ್ಚಿಟ್ಟಿತ್ತು. ಮೇಷ್ಟ್ರ ತಮ್ಮ ಮತ್ತು ಅವರ ಊರಿನ ಮೂರು ನಾಲ್ಕು ಜನ ಸುತ್ತ ನಿಂತಿದ್ದರು. ಯಾರ ತಪ್ಪು ಹೇಳಿ ಎಂದು ತಮ್ಮ ಒಂದೇ ಸಮನೆ ಕೇಳುತ್ತಿದ್ದ. ಆಗಿನ್ನೂ ನಿಮ್ಮ ಕಣ್ಣಿನ ಪೊರೆ ತೆಗೆಸಿರಲಿಲ್ಲ. ಪಿಸ್ಟನ್ನನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟಿರಿ.

“ನೀನೇ ನೋಡಪ್ಪ ಮಹೇಶ. ನನ್ ಕಣ್ಗೆ ಸರ್ಯಾಗಿ ಕಾಣಕಿಲ್ಲ. ನೀನೇನ್ ಅಂದ್ರೂ ಸರಿ.”

ಬಾಗಿಲ ಬೆಳಕಿಗೆ ಹಿಡಿದೆ. ನಾಲ್ಕು ಗೀರು. ಎಲ್ಲರೂ ಪಿಸ್ಟನ್ನನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಹೇಳುತ್ತೇನೆ, ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ — ಹೆಬ್ಬೆರಳು ತಾನಾಗಿ ಗೀರಿನ ಮೇಲೆ ಹೋಯಿತು. ಇಲ್ಲ, ತಾನಾಗಿ ಅಲ್ಲ. ನಾನೇ ಮುಚ್ಚಿದೆ.

“ಎಣ್ಣೆ ಕಮ್ಮಿ ಆಗದೆ, ಮಾದಪ್ಪಣ್ಣ.”

ನೀವು ಜಗಳಕ್ಕೆ ಬರುತ್ತೀರಿ ಅಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ನೀವು ಮೂಲೆಯಲ್ಲಿದ್ದ ಎಣ್ಣೆ ಡಬ್ಬ ನೋಡಿದಿರಿ, ನಿಮ್ಮ ಕೈ ನೋಡಿಕೊಂಡಿರಿ. “ಬೆರ್ಸಿದಂಗೇ ಗ್ಯಾನ… ಮರ್ತಿರಬೋದು ಕಣಪ್ಪ. ವಯಸ್ಸಾಯ್ತು.” ಹಾಗೆಂದು, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೇಷ್ಟ್ರ ತಮ್ಮನಿಗೆ ಕೈ ಮುಗಿದಿರಿ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಪರೀಕ್ಷೆ ಮಾಡಿಸುತ್ತೇನೆಂದು ಪಿಸ್ಟನ್ನನ್ನು ಜೇಬಿಗೆ ಹಾಕಿಕೊಂಡು ಬಂದು, ನನ್ನ ಕುಲುಮೆಯಲ್ಲೇ ಕರಗಿಸಿದೆ. ಉಳಿದವನ್ನು ಏನೋ ನೆಪ ಹೇಳಿ ವಾಪಸು ತರಿಸಿದೆ. ಮುಂದಿನ ಸಲ ಸಂದನ್ನು ಕೊಂಚ ಸಡಿಲ ಬಿಟ್ಟೆ — ನೀವು ಹೇಳಿದಷ್ಟೇ. ಈಗ ಆ ಪಿಸ್ಟನ್ ಕೇರಳಕ್ಕೆ, ಪುಣೆಗೆ ಹೋಗುತ್ತದೆ. ಹಳೆಯದಕ್ಕಿಂತ ಚೆನ್ನಾಗಿದೆ ಎಂದು ಜನ ನನ್ನನ್ನು ಹೊಗಳುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ.

ಹೋದ ತಿಂಗಳು ನರಸೀಪುರಕ್ಕೆ ಬಂದವನು ನಿಮ್ಮ ಅಂಗಡಿಗೂ ಬಂದೆ. ಪಂಕ್ಚರು, ಚೈನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನೀವು ಕೈ ತೊಳೆಯಲು ಹೋದಾಗ ನಿಮ್ಮ ಮಗಳು ಶಶಿಕಲಾ ಟೀ ಕೊಡುತ್ತಾ ಮೆಲ್ಲಗೆ ಹೇಳಿದಳು: “ಅಪ್ಪ ಎಂಜಿನ್ ಮುಟ್ಟೋದೇ ಬಿಟ್ಬುಟ್ರು ಅಣ್ಣ. ಮರೆವು ಮರೆವು ಅಂತಾರೆ. ಮೈಸೂರಲ್ಲಿ ತೋರಿಸ್ದೋ. ಡಾಕ್ಟ್ರು ಏನೂ ಇಲ್ಲ ಅಂದ್ರು. ಅಪ್ಪ ನಂಬಕಿಲ್ಲ.”

ಆಮೇಲೆ ನೀವು ಊಟಕ್ಕೆಂದು ಅಂಗಡಿ ಮುಚ್ಚಿದಿರಿ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ಬಂದು ಬೀಗ ಎಳೆದು ನೋಡಿದಿರಿ. ಮತ್ತೆ ಹೋದಿರಿ. ಮತ್ತೆ ಬಂದಿರಿ. ನನ್ನ ಕಡೆ ತಿರುಗಿ, ಹಾಕಿದ್ದೀನಿ ತಾನೆ, ಎಂದು ಕೇಳಿದಿರಿ. ಹಾಕಿದ್ದೀರಿ ಎಂದೆ. ಮೇಷ್ಟ್ರ ಭುಜ ಮುರಿದದ್ದು ನನ್ನ ಪಿಸ್ಟನ್ನು. ನಿಮ್ಮನ್ನು ಹೀಗೆ ಮಾಡಿದ್ದು ನನ್ನ ಬಾಯಿ. ಆ ಹೊತ್ತಿನಲ್ಲೂ — ಅಷ್ಟು ಹತ್ತಿರ ನಿಂತೂ — ಹೇಳಲಿಲ್ಲ. ಹೊರಟು ಬಂದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಈ ಭಾನುವಾರ ಬೆಳಿಗ್ಗೆ ನಾನೇ ಬಂದು ನಿಮ್ಮೆದುರು ಓದುತ್ತೇನೆ. ಮೇಷ್ಟ್ರ ತಮ್ಮನಿಗೆ ನಿನ್ನೆ ಫೋನ್ ಮಾಡಿ, ಆವತ್ತು ಅಣ್ಣ ತಮ್ಮ ಇಬ್ಬರೂ ಮನೆಯಲ್ಲಿರಿ ಎಂದಿದ್ದೇನೆ. ಯಾಕೆ ಎಂದು ಕೇಳಿದ. ಬಂದು ಹೇಳುತ್ತೇನೆ ಎಂದೆ. ಇನ್ನು ಹಿಂದೆ ಸರಿಯುವಂತಿಲ್ಲ — ಹಾಗಾಗಲೆಂದೇ ಫೋನ್ ಮಾಡಿದ್ದು.

ಓದಿ ಮುಗಿಸಿದ ಮೇಲೆ ನೀವು ಏನೂ ಹೇಳಬೇಕಾಗಿಲ್ಲ. ನನ್ನ ಜೊತೆ ಹೆಮ್ಮಿಗೆಗೆ ಬಂದರೆ ಬನ್ನಿ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಒಬ್ಬನೇ ಹೋಗುತ್ತೇನೆ, ಅವರ ಜಗುಲಿಯಲ್ಲಿ ಕೂತು ಮೊದಲ ಸಾಲಿನಿಂದ ಓದುತ್ತೇನೆ.